ಎಡಚನ ಪಟ್ಟು

ಹತ್ತಿರ ಬನ್ನಿ, ಗಲಾಟೆ ಮಾಡಬೇಡಿ. ಕವಲೂರು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಒಳ್ಳೆಯವನೇ, ಆದರೆ ಇಬ್ಬರು ಎರಡು ಥರ ಮಾತಾಡಿದರೆ ಸಾಕು, ತಬ್ಬಿಬ್ಬಾಗಿಬಿಡುತ್ತಿದ್ದ. ಜನ ಅವನನ್ನು ತಬ್ಬಿಬ್ಬುರಾಯ ಅಂತಲೇ ಕರೆಯುತ್ತಿದ್ದರು.

ಅವನ ಅರಮನೆಯಲ್ಲಿ ಮೋನಾಚಾರಿ ಅನ್ನೋ ಬಡಗಿ ಇದ್ದ. ಎಡಚ. ಆಗೆಲ್ಲ ಬಡಗಿಗಳು ನೆಲದ ಮೇಲೆ ಕೂತು, ಮರವನ್ನು ಎರಡೂ ಪಾದದಲ್ಲಿ ಅದುಮಿ ಹಿಡಿದು ಉಳಿ ಹೊಡೆಯುತ್ತಿದ್ದರು. ಒಂದು ದಿನ ದಿಮ್ಮಿ ಬಿದ್ದು ಮೋನಾಚಾರಿಯ ಪಾದ ಜಜ್ಜಿಹೋಯಿತು. ಹುಣ್ಣಿಮೆಯೊಳಗೆ ಕೆಲಸ ಮಾಡಿ ತೋರಿಸದಿದ್ದರೆ ಅರಮನೆ ಬಿಟ್ಟು ನಡಿ ಅಂತ ಹಿರಿಯ ಬಡಗಿ ನಂಜುಂಡಾಚಾರಿ ಹೇಳಿಬಿಟ್ಟ.

ಮೋನಾಚಾರಿಗೆ ದಿಕ್ಕೇ ತೋಚಲಿಲ್ಲ. ಮರವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಹುದು, ಆದರೆ ಕಾಲಿನ ಕೆಲಸವನ್ನು ಮೇಜಿನ ಕೈಲಿ ಮಾಡಿಸೋದು ಹೇಗೆ? ಹಗ್ಗ ಕಟ್ಟಿ ನೋಡಿದ, ಮರ ಜಾರಿತು. ಬೆಣೆ ಹೊಡೆದು ನೋಡಿದ, ನಾಲ್ಕೇಟಿಗೆ ಸಡಿಲವಾಯಿತು. ಮೂರನೇ ದಿನ ಹೆಂಡತಿ ಕಾಳಮ್ಮ ಶಾವಿಗೆ ಒತ್ತುತ್ತಿದ್ದಳು. ಒರಳಿನ ತಿರುಪು ತಿರುಗಿದಂತೆಲ್ಲ ಹಿಟ್ಟು ಒತ್ತಿಕೊಂಡು ಇಳಿಯುತ್ತಿತ್ತು. ಇದೇ ತಿರುಪು ಮರವನ್ನು ಒತ್ತಿದರೆ?

ಮೇಜಿನ ಅಂಚಿಗೊಂದು ಹಲಗೆ ಬಿಗಿದ. ಅದರೆದುರು ಸರಿದಾಡುವ ಇನ್ನೊಂದು ಹಲಗೆ ಇಟ್ಟ. ಎರಡನ್ನೂ ತೂರಿ ಹೋಗುವಂತೆ ಜಾಲಿಮರದ ದಪ್ಪ ತಿರುಪು ಹಾಕಿದ. ಆದರೆ ಎಡಗೈಲಿ ಕೆತ್ತಿದ್ದನಲ್ಲ, ಸುತ್ತು ಉಲ್ಟಾ ಬಂದುಬಿಟ್ಟಿತ್ತು! ಬಿಚ್ಚೋಣ ಅಂತ ಎಡಕ್ಕೆ ತಿರುಗಿಸಿದರೆ ಬಿಗಿಯುತ್ತೆ, ಬಿಗಿಯೋಣ ಅಂತ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ಮೋನಾಚಾರಿಗೇ ತಲೆ ಕೆಟ್ಟಿತು. ನನಗೂ ಅಷ್ಟೇ, ಗಾಳಿಯಲ್ಲಿ ಕೈ ತಿರುವಿ ನೋಡಿದ ಮೇಲೇ ಅರ್ಥವಾಗಿದ್ದು. ಹಲಗೆಗಳ ನಡುವೆ ಸಿಕ್ಕ ಮರ ಮಾತ್ರ ಅಲ್ಲಾಡಲಿಲ್ಲ. ಕಾಳಮ್ಮ ಅದಕ್ಕೆ ‘ಪಟ್ಟು’ ಅಂತ ಹೆಸರಿಟ್ಟಳು.

ಹುಣ್ಣಿಮೆ ದಿನ ಪಟ್ಟು ಅರಮನೆಗೆ ಬಂತು. ನಾಚಿಕೆಗೆಟ್ಟ ನಂಜುಂಡಾಚಾರಿ ರಾಜನ ಮುಂದೆ ನಿಂತು, ಇದು ನಾನೇ ಮಾಡಿದ್ದು ಅಂದುಬಿಟ್ಟ.

ಯಾರ ಯೋಚನೆ ಇದು ಅಂತ ರಾಜ ಕೇಳಿದ. ಇಬ್ಬರೂ ನನ್ನದು ಅಂದರು. ಯಾವ ಮರ? ಇಬ್ಬರೂ ಜಾಲಿ ಅಂದರು. ತಿರುಪಿಗೆ ಎಷ್ಟು ಸುತ್ತು? ಇಬ್ಬರೂ ಏಳು ಅಂದರು. ಆ ಕಳ್ಳ ಮೊದಲೇ ಎಣಿಸಿಕೊಂಡಿದ್ದ. ರಾಜನ ತಲೆ ಗಿರ್ರಂತ ತಿರುಗಿತು.

ಆಗ ಮೋನಾಚಾರಿ ಕೈ ಮುಗಿದ. “ಮಹಾಪ್ರಭು, ಅವರ ಪಂಚೆ ತುದಿ ಇದಕ್ಕೆ ಸಿಕ್ಕಿಸ್ತೀನಿ. ಬಿಡಿಸಿಕೊಂಡರೆ ಪಟ್ಟು ಅವರದೇ.”

ಇಷ್ಟೇನಾ ಅಂತ ನಂಜುಂಡಾಚಾರಿ ರಾಜನ ಕಡೆ ಮುಖ ಮಾಡಿ ಮೀಸೆ ತಿರುವುತ್ತಾ ನಿಂತ. ಬೆನ್ನ ಹಿಂದೆ ಮೋನಾಚಾರಿ ಪಂಚೆ ತುದಿ ಬಿಗಿದ.

ನಂಜುಂಡಾಚಾರಿ ತಿರುಗಿ, ಎಲ್ಲರೂ ಬಿಚ್ಚುವ ಹಾಗೆ ಎಡಕ್ಕೊಂದು ಸುತ್ತು ಹಾಕಿದ. ಬಿಗಿಯಿತು. ಮೊದಮೊದಲು ಹೀಗೇ ಅಂತ ಇನ್ನೊಂದು ಸುತ್ತು ಹಾಕಿದ. ಇನ್ನೂ ಬಿಗಿಯಿತು. ಬೆವರು ಕಿತ್ತುಕೊಂಡು ಬಂತು. ಓಡೋಣ ಅಂದರೆ ಪಂಚೆ ಬಿಟ್ಟು ಓಡಬೇಕು. ಹಲ್ಲು ಕಚ್ಚಿ ಮೂರನೇ ಸುತ್ತು ಹಾಕಿದ, ಬಟ್ಟೆ ಚರ್ರಂತು. ಸಿಟ್ಟು ನೆತ್ತಿಗೇರಿತು.

“ಯಾವ ಎಡಚ ಮಾಡಿದ್ದಯ್ಯ ಇದನ್ನ?” ಅಂದುಬಿಟ್ಟ.

ಮೋನಾಚಾರಿ ಮೆಲ್ಲಗೆ ಎಡಗೈ ಎತ್ತಿದ.

“ನಾನೇ, ಸ್ವಾಮಿ.”

ತಬ್ಬಿಬ್ಬುರಾಯನಿಗೂ ಅರ್ಥವಾಯಿತು. ಅವತ್ತಿಂದ ಹಿರಿಯ ಬಡಗಿ ಮೋನಾಚಾರಿ. ನಂಜುಂಡಾಚಾರಿ ಅರ್ಧ ಪಂಚೆಯಲ್ಲೇ ಊರು ಬಿಟ್ಟ.

ತಿಳೀತೇನ್ರೋ? ಇನ್ನೊಬ್ಬರು ಮಾಡಿದ್ದನ್ನು ನಂದು ಅಂತ ಹೇಳಿಕೊಳ್ಳಬಾರದು. ಮಾಡಿದವರ ಕೈ ಗುಟ್ಟು ಅದರೊಳಗೇ ಇರುತ್ತೆ, ಕದ್ದವನನ್ನು ಅದೇ ಹಿಡಿದುಕೊಡುತ್ತೆ. ರಾಜ ಮಾತ್ರ ಇನ್ನೂ ಆ ಪಟ್ಟಿನ ಮುಂದೆ ಎಡಕ್ಕೋ ಬಲಕ್ಕೋ ಅಂತ ಕೂತಿದ್ದಾನಂತೆ. ಅವನು ಕೂತಿರಲಿ, ನೀವು ಏಳಿ, ಊಟಕ್ಕೆ ನಡೀರಿ.