ಬೊಮ್ಮಕ್ಕನ ಕಲ್ಲು, ಜವನಪ್ಪನ ಚಕ್ಕೆ

ಹತ್ತಿರ ಬನ್ನಿ, ಒತ್ತೊತ್ತಾಗಿ ಕೂತ್ಕೊಳ್ಳಿ. ನಡುವೆ ಬಾಯಿ ಹಾಕಬೇಡಿ, ಈ ಕಥೆ ಹೇಳುವಾಗ ನನಗೇ ಆಗಾಗ ಗಲಿಬಿಲಿ ಆಗುತ್ತೆ.

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಒಳ್ಳೆಯವನು. ಆದರೆ ಯಾರು ಏನು ಹೇಳಿದರೂ "ಹೌದಲ್ಲ" ಅನ್ನುತ್ತಿದ್ದ. ಒಬ್ಬ ಬಂದು ಈ ಹಸು ನನ್ನದು ಅಂದರೆ ಹೌದಲ್ಲ. ಇನ್ನೊಬ್ಬ ಬಂದು ಅದೇ ಹಸು ನನ್ನದು ಅಂದರೆ ಅದಕ್ಕೂ ಹೌದಲ್ಲ. ಕೊನೆಗೆ ಹಸುವೇ ಬೇಸತ್ತು ತನ್ನ ಪಾಡಿಗೆ ತಾನು ಮನೆಗೆ ಹೋಗುತ್ತಿತ್ತು.

ಆ ರಾಜ್ಯದ ಕಾಡಿಗೆ ಒಂದು ಕಟ್ಟುಪಾಡಿತ್ತು. ಅಲ್ಲಿ ಯಾರೂ ಬಿದಿರು ಕಡಿಯುವಂತಿಲ್ಲ, ಹುಲ್ಲು ಕೊಯ್ಯುವಂತಿಲ್ಲ. ವರ್ಷಕ್ಕೊಂದು ದಿನ ಮಾತ್ರ ಊರವರೆಲ್ಲ ವನಭೋಜನಕ್ಕೆ ಹೋಗುತ್ತಿದ್ದರು. ಅವತ್ತು ಚೂರು ಕಬ್ಬಿಣವೂ ಕಾಡೊಳಗೆ ಹೋಗಕೂಡದು. ಕೊಡಲಿ, ಕುಡುಗೋಲು, ಸೂಜಿ, ಅಷ್ಟೇಕೆ, ರಾಜನ ಕತ್ತಿಯನ್ನೂ ಬೆಟ್ಟದ ಬುಡದಲ್ಲೇ ಬಿಡಬೇಕು. ಹಳೇ ಕಾಲದವರ ಹಾಗೆ ಕಲ್ಲಿಗೆ ಕಲ್ಲು ಹೊಡೆದು, ಎದ್ದ ಚಕ್ಕೆಯಿಂದಲೇ ಕುಂಬಳಕಾಯಿ ಹೆಚ್ಚಿ, ಸಾರು ಮಾಡಿ ಉಣ್ಣಬೇಕು. ಯಾರ ಕಲ್ಲು ಎಲ್ಲಕ್ಕಿಂತ ಚೆನ್ನಾಗಿ ಹೆಚ್ಚುತ್ತದೋ ಅವರಿಗೆ ಆ ವರ್ಷ ಒಂದು ಮನೆಗಾಗುವಷ್ಟು ಬಿದಿರು, ಹುಲ್ಲು ಸಿಗುತ್ತಿತ್ತು.

ಆ ವರ್ಷ ಬೊಮ್ಮಕ್ಕನಿಗೆ ಆ ಬಿದಿರು ಬೇಕೇ ಬೇಕಿತ್ತು. ಆನೆಯೊಂದು ಬಂದು ಅವಳ ಗುಡಿಸಲಿನ ಸೂರನ್ನು ಎಳೆದು ತಿಂದು ಹೋಗಿತ್ತು. ಗೋಡೆ ಇತ್ತು, ಬಾಗಿಲಿತ್ತು, ಬಾಗಿಲಿಗೆ ಚಿಲಕವೂ ಇತ್ತು. ಮೇಲೆ ಮಾತ್ರ ಆಕಾಶ. ಗಂಡ ತೀರಿಹೋಗಿದ್ದ, ಎರಡು ಎಳೆ ಮಕ್ಕಳು. ಮಳೆಗೆ ಇನ್ನು ಮೂರೇ ವಾರ.

ಅವಳ ಜೊತೆ ಇಬ್ಬರು ಗೆಳೆಯರು ಹೊರಟರು. ಮೂವರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಒಬ್ಬ ದೊಡ್ಡೀರ. ಅವನಿಗೆ ಸುಳ್ಳು ಹೇಳಲು ಬಾರದು, ಏನೂ ನೆನಪಿನಲ್ಲಿ ನಿಲ್ಲದು. ಇನ್ನೊಬ್ಬ ಜವನಪ್ಪ. ಅವನಿಗೆ ಗಟ್ಟಿಮುಟ್ಟಾದ ಹೆಂಚಿನ ಮನೆ ಇತ್ತು. ಆದರೂ ಜಗುಲಿಯ ಮುಂದೆ ಒಂದು ಚಪ್ಪರ ಬೇಕಿತ್ತು, ಮಧ್ಯಾಹ್ನ ಕಾಲು ಚಾಚಿ ಮಲಗೋಕೆ.

ಕಾಡಿನ ಹೊಳೆಯಲ್ಲಿ ಬೆಲ್ಲದ ಬಣ್ಣದ ಕಲ್ಲುಗಳು. ಯಾವುದನ್ನು ಎತ್ತಿದರೂ ಅದೇ ಬಣ್ಣ. ದೊಡ್ಡೀರ ಒಲೆಯ ಹತ್ತಿರವೇ ಕೂತ. ಜವನಪ್ಪ ಈಚೆ ದಡದ ಬಂಡೆ ಮೇಲೆ ಕೂತ. ಬೊಮ್ಮಕ್ಕ ಸೀರೆ ಎತ್ತಿಕಟ್ಟಿ ಹೊಳೆ ದಾಟಿ, ಆಚೆ ದಡದ ನೆರಳಿಗೆ ಹೋದಳು.

ಮೊದಲನೇ ಕಲ್ಲಿಗೆ ಹೊಡೆದಳು, ಪುಡಿಯಾಯಿತು. ಎರಡನೇ ಕಲ್ಲಿಗೆ ಹೊಡೆದಳು, ಹೆಬ್ಬೆರಳು ಜಜ್ಜಿತು. ಮೂರನೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಚಿಗೆ ಓರೆಯಾಗಿ ಒಂದೇ ಏಟು ಕೊಟ್ಟಳು. ಟಣ್ ಅಂತ ಒಂದು ಚಕ್ಕೆ ಎದ್ದು ಬಂತು. ವೀಳ್ಯದೆಲೆಯಷ್ಟು ಅಗಲ, ಅಂಚು ಎಷ್ಟು ತೆಳುವೆಂದರೆ ಹುಲ್ಲುಕಡ್ಡಿ ತಾಗಿದರೆ ಎರಡು ತುಂಡು.

ಬೊಮ್ಮಕ್ಕ ಕುಣಿದುಕೊಂಡು ಬಂದು ಗೆಳೆಯರಿಬ್ಬರಿಗೂ ತೋರಿಸಿದಳು. ಚಕ್ಕೆಯನ್ನು ತನ್ನ ಬುತ್ತಿಗಂಟಿನ ಮೇಲಿಟ್ಟು ನೀರು ತರಲು ಹೋದಳು. ದೊಡ್ಡೀರ ಒಲೆ ಊದುತ್ತಿದ್ದ, ಕಣ್ಣ ತುಂಬ ಹೊಗೆ. ಜವನಪ್ಪ ತನ್ನ ಮೊಂಡುಗಲ್ಲನ್ನು ಗಂಟಿನ ಮೇಲಿಟ್ಟು, ಚೂಪಿನದನ್ನು ಮಡಿಲಿಗೆ ಹಾಕಿಕೊಂಡ. ಅಷ್ಟೇ ಕೆಲಸ.

ಬೊಮ್ಮಕ್ಕ ಕೊಡ ಇಳಿಸಿ ನೋಡಿದಳು. "ಜವನ, ನನ್ನ ಕಲ್ಲೆಲ್ಲೋ?"

"ಅಲ್ಲೇ ಇದೆಯಲ್ಲಕ್ಕ, ನಿನ್ನ ಗಂಟಿನ ಮೇಲೆ."

"ಇದು ನಂದಲ್ಲ. ನಂದು ಚೂಪಾಗಿತ್ತು."

"ಚೂಪಿಂದು ನಂದು. ನಾನು ತೋರಿಸಿದೆ, ನೀನು ನೋಡಿ ಭೇಷ್ ಅಂದೆ. ಮರೆತುಬಿಟ್ಯಾ? ಬಿಸಿಲಿಗೆ ತಲೆ ಕಾದಿರಬೇಕು, ಸ್ವಲ್ಪ ನೀರು ಕುಡಿ."

ಎಷ್ಟು ಅಕ್ಕರೆಯಿಂದ ಹೇಳಿದ ಅಂದರೆ ಬೊಮ್ಮಕ್ಕ ನಿಜವಾಗಿಯೂ ನೀರು ಕುಡಿದಳು. ಮೊಂಡುಗಲ್ಲನ್ನು ಕೈಯಲ್ಲಿ ಹಿಡಿದು ನೋಡಿದಳು. ಅದೇ ಬೆಲ್ಲದ ಬಣ್ಣ. ಇದನ್ನೇ ನಾನು ಮಾಡಿದೆನಾ? ಬೆರಳಂತೂ ಜಜ್ಜಿದೆ. ಚೂಪುಗಲ್ಲು ಕಂಡದ್ದು ಆಸೆಗೋ, ನಿಜಕ್ಕೋ? ಬಾಲ್ಯದ ಗೆಳೆಯ ಸುಳ್ಳು ಹೇಳುತ್ತಾನಾ? ಅವಳಿಗೆ ಒಂದೂ ತಿಳಿಯದೆ ಅಳು ಬಂತು. ಆದರೂ ಮಕ್ಕಳ ನೆನಪಾಗಿ ನೇರ ರಾಜನ ಮುಂದೆ ಹೋಗಿ ನಿಂತಳು.

"ಬುದ್ಧಿ, ಚೂಪುಗಲ್ಲು ನಂದು."

"ಹೌದಲ್ಲ," ಅಂದ ರಾಜ.

"ಬುದ್ಧಿ, ನಂದು," ಅಂದ ಜವನಪ್ಪ.

"ಹೌದಲ್ಲ."

ರಾಜ ಮೂರು ಸಲ ವಿಚಾರಣೆ ಮಾಡಿದ. ಮೊದಲನೇ ಸಲ ಇಬ್ಬರಿಗೂ ಅದೇ ಕಲ್ಲು ಕೊಟ್ಟು ಕುಂಬಳಕಾಯಿ ಹೆಚ್ಚಿಸಿದ. ಇಬ್ಬರೂ ಚೆನ್ನಾಗಿಯೇ ಹೆಚ್ಚಿದರು.

ಎರಡನೇ ಸಲ ದೊಡ್ಡೀರನನ್ನು ಕರೆಸಿದ. ದೊಡ್ಡೀರ ಕೈಮುಗಿದು ಹೇಳಿದ: "ಬುದ್ಧಿ, ಚೂಪುಗಲ್ಲು ಬೊಮ್ಮಕ್ಕನ ಕೈಲಿ ನೋಡಿದೆ. ಜವನಪ್ಪನ ಕೈಲೂ ನೋಡಿದೆ. ನಡುವೆ ಹೊಗೆ ನೋಡಿದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಈಗ ಗೊತ್ತಾಗ್ತಿಲ್ಲ. ನನ್ನ ಕಲ್ಲು ಯಾರ ಹತ್ರ ಇದೆ ಅಂತಾನೂ ಗೊತ್ತಾಗ್ತಿಲ್ಲ." ಅವನ ಕಲ್ಲು ಅವನ ಸೊಂಟದಲ್ಲೇ ಇತ್ತು.

ಮೂರನೇ ಸಲ ರಾಜ ಕಲ್ಲನ್ನೇ ಕಿವಿಗೆ ಹಿಡಿದು ಕೇಳಿದ. ಕಲ್ಲು ಏನು ಹೇಳೀತು, ಪಾಪ.

"ಹಾಗಾದ್ರೆ ಬಿದಿರು ಇಬ್ಬರಿಗೂ ಅರ್ಧ ಅರ್ಧ," ಅಂದ ರಾಜ.

ಬೊಮ್ಮಕ್ಕ ಮೆಲ್ಲಗೆ ಕೇಳಿದಳು: "ಬುದ್ಧಿ, ಅರ್ಧ ಸೂರಿನ ಕೆಳಗೆ ನನ್ನ ಎರಡು ಮಕ್ಕಳಲ್ಲಿ ಯಾವುದನ್ನ ಮಲಗಿಸ್ಲಿ?"

ರಾಜ ಕಲ್ಲನ್ನು ಮತ್ತೊಮ್ಮೆ ಕಿವಿಗೆ ಹಿಡಿದ. ನೆರೆದವರು ಮುಖ ಮುಖ ನೋಡಿಕೊಂಡರು.

ಅಲ್ಲಿ ಚೌಡಜ್ಜಿ ಅಂತ ಅರಮನೆಯ ಕೆಲಸದವಳಿದ್ದಳು. ಸವೆದ ಬೀಸುಕಲ್ಲಿಗೆ ಉಳಿ ಹಿಡಿದು ಕಚ್ಚು ಹಾಕುವುದು ಅವಳ ಕಸುಬು. ಕಲ್ಲಿನ ಜೊತೆಯಲ್ಲೇ ಮುದುಕಿಯಾದವಳು.

"ಬುದ್ಧಿ, ಇದನ್ನ ನನಗೆ ಬಿಡಿ," ಅಂದಳು. ಆಮೇಲೆ ಇಬ್ಬರ ಕಡೆ ತಿರುಗಿ, "ನೀವು ಕೂತು ಹೊಡೆದ ಜಾಗಕ್ಕೆ ಹೋಗಿ. ಅಲ್ಲಿ ಬಿದ್ದಿರೋ ಚೂರು ಚಕ್ಕೆನೆಲ್ಲ ತನ್ನಿ. ಯಾರು ಎಷ್ಟು ಬೆವರು ಸುರಿಸಿದ್ದೀರಿ ಅಂತ ನಾನೂ ನೋಡ್ತೀನಿ."

ಜವನಪ್ಪನಿಗೆ ಒಳಗೊಳಗೇ ಖುಷಿ. ಹೆಚ್ಚು ತಂದವನೇ ಗೆದ್ದ ಅಂದುಕೊಂಡ. ಬಂಡೆ ಮೇಲಿದ್ದುದನ್ನೆಲ್ಲ ಒಂದು ಪುಡಿಯೂ ಬಿಡದೆ ಕಂಬಳಿಯಲ್ಲಿ ಕಟ್ಟಿ, ಏದುಸಿರು ಬಿಡುತ್ತ ಹೊತ್ತು ತಂದ. ಬೊಮ್ಮಕ್ಕ ಹೊಳೆ ದಾಟಿ ಹೋಗಿ ಮಡಿಲಲ್ಲಿ ಒಂದಿಷ್ಟು ಚೂರನ್ನೂ, ಚಕ್ಕೆ ಎದ್ದ ಆ ಮೂರನೇ ಕಲ್ಲಿನ ಉಳಿದ ಗಟ್ಟಿಯನ್ನೂ ತಂದಳು.

"ಜವನಪ್ಪ, ಈ ರಾಶಿ ನಿಂದೇನಪ್ಪಾ?"

"ನಂದೇ ಅಜ್ಜಿ."

"ಬೇರೆಯವರ ಚೂರು ಸೇರಿಲ್ಲ ತಾನೇ?"

"ಇಲ್ಲಜ್ಜಿ, ಆ ಬಂಡೆ ಮೇಲೆ ನಾನೊಬ್ಬನೇ ಇದ್ದದ್ದು."

"ಆಣೆ ಇಡ್ತೀಯಾ?"

"ಈ ಕಾಡಿನಾಣೆ."

ಚೌಡಜ್ಜಿ ಚೂಪುಗಲ್ಲನ್ನು ತೆಗೆದುಕೊಂಡು ಬೊಮ್ಮಕ್ಕನ ಗಟ್ಟಿಯ ಮೇಲೆ ಅತ್ತಿತ್ತ ಸರಿಸಿದಳು. ಒಂದು ಕಡೆ ಅದು ಹೋಗಿ ಸರಿಯಾಗಿ ಕೂತುಕೊಂಡಿತು. ಒಡೆದದ್ದೇ ಗೊತ್ತಾಗದಷ್ಟು ಸರಿಯಾಗಿ.

"ಆ ಗಟ್ಟಿ ನಂದು," ಅಂದ ಜವನಪ್ಪ ತಕ್ಷಣ. "ಹೊಡೆದಾದ ಮೇಲೆ ಹೊಳೆಯಾಚೆ ಎಸೆದಿದ್ದೆ. ಈಯಮ್ಮ ಎತ್ಕೊಂಡು ಬಂದವ್ಳೆ."

"ಹೌದಲ್ಲ," ಅಂದ ರಾಜ. ಜನಕ್ಕೆ ಮತ್ತೆ ಗೊಂದಲ. ಬೊಮ್ಮಕ್ಕನ ಮುಖ ಇಳಿದುಹೋಯಿತು.

ಅಜ್ಜಿ ಮಾತ್ರ ತಲೆ ಎತ್ತಲಿಲ್ಲ. "ಇರಲಿ. ಈ ಮೊಂಡುಗಲ್ಲು ಯಾರದು?"

"ಬೊಮ್ಮಕ್ಕಂದು. ಅವಳ ಗಂಟಿನ ಮೇಲೇ ಇತ್ತಲ್ಲ."

ಅಜ್ಜಿ ಮೊಂಡುಗಲ್ಲನ್ನು ಹಿಡಿದು ಜವನಪ್ಪನ ಕಂಬಳಿಯ ಮುಂದೆ ಕೂತಳು. ಒಂದು ಚಕ್ಕೆ ಹಚ್ಚಿ ನೋಡಿದಳು, ಕೂರಲಿಲ್ಲ. ಇನ್ನೊಂದು ಹಚ್ಚಿದಳು, ಕೂರಲಿಲ್ಲ. ಮೂರನೆಯದು ಹೋಗಿ ಕೂತಿತು. ಅದರ ಪಕ್ಕಕ್ಕೆ ನಾಲ್ಕನೆಯದೂ ಕೂತಿತು. ನೋಡನೋಡುತ್ತ ಮೊಂಡುಗಲ್ಲಿನ ಸುತ್ತ ಹೊಳೆಯ ಉಂಡೆಗಲ್ಲೊಂದು ಇಡಿಯಾಗಿ ಎದ್ದು ನಿಂತಿತು.

"ಬೊಮ್ಮಕ್ಕ ಹೊಡೆದ ಕಲ್ಲಿನ ಚೂರು ನಿನ್ನ ಕಂಬಳಿಗೆ ಹೇಗಪ್ಪಾ ಬಂತು?" ಅಂದಳು ಅಜ್ಜಿ. "ಬೇರೆಯವರ ಚೂರು ಸೇರಿಲ್ಲ ಅಂತ ಈಗ ತಾನೇ ಆಣೆ ಇಟ್ಟೆ. ಮೊಂಡುಗಲ್ಲು ನಿಂದಾದ್ರೆ, ಅದು ಅವಳ ಗಂಟಿನ ಮೇಲೆ ಯಾಕಿತ್ತು?"

ಜವನಪ್ಪ ಕಂಬಳಿಯ ಅಂಚು ಎಳೆದು ರಾಶಿಯನ್ನು ಮರೆಮಾಡಲು ನೋಡಿದ. ಅವನ ಸುಳ್ಳಿಗೆ ಸಾಕ್ಷಿಯನ್ನು ಅವನೇ ಹೊತ್ತು ತಂದಿದ್ದ.

ರಾಜ ತೀರ್ಪು ಕೊಟ್ಟ. ಬಿದಿರು, ಹುಲ್ಲು ಪೂರ್ತಿ ಬೊಮ್ಮಕ್ಕನಿಗೆ. ಕಡಿದು ಹೊತ್ತು ತಂದು ಸೂರು ಹೊದಿಸುವ ಕೆಲಸ ಜವನಪ್ಪನಿಗೆ. ಮಳೆ ಬರುವುದಕ್ಕೆ ಎರಡು ದಿನ ಮುಂಚೆ ಸೂರು ಮುಗಿಯಿತು.

ಜವನಪ್ಪ ಏಣಿ ಇಳಿದು ತಲೆ ತಗ್ಗಿಸಿ ನಿಂತ. "ತಪ್ಪಾಯ್ತಕ್ಕ. ಒಂದು ಕಲ್ಲಿಗೋಸ್ಕರ ಹಿಂಗೆ ಮಾಡಿಬಿಟ್ಟೆ."

ಬೊಮ್ಮಕ್ಕ ಅವನಿಗೆ ಮಜ್ಜಿಗೆ ಕೊಟ್ಟಳು. ಕೊಟ್ಟು ಹೇಳಿದಳು: "ಕಲ್ಲು ಹೋದ್ರೆ ಇನ್ನೊಂದು ಹೊಡ್ಕೋತಿದ್ದೆ ಕಣೋ. ನೀನು ನಿಂದಲ್ಲ ಅಂದಾಗ ನಾನೂ ನಂದಲ್ವೇನೋ ಅಂದ್ಕೊಂಡೆ. ಇವತ್ತಿಗೂ ಏನಾದ್ರೂ ಮಾಡಿದ್ರೆ, ಇದನ್ನ ನಾನೇ ಮಾಡಿದ್ನಾ ಅಂತ ಎರಡು ಸಲ ನೋಡ್ಕೋತೀನಿ. ಅದಕ್ಕೆ ಯಾವ ಸೂರು ಹೊದಿಸ್ತೀಯ?"

ಜವನಪ್ಪ ಮಜ್ಜಿಗೆಯನ್ನು ಕುಡಿಯದೆ ಕೆಳಗಿಟ್ಟು, ಏಣಿ ಹೊತ್ತುಕೊಂಡು ಹೊರಟ.

ಇದರ ನೀತಿ ಇಷ್ಟು, ಮಕ್ಕಳೇ. ಇನ್ನೊಬ್ಬರು ಮಾಡಿದ್ದನ್ನು ನಾನು ಮಾಡಿದೆ ಅನ್ನಬೇಡಿ. ಕದ್ದ ವಸ್ತುವನ್ನು ಹಿಂದಕ್ಕೆ ಕೊಡಬಹುದು, ಮಾಡಿದವರು ತಮ್ಮ ಮೇಲೆ ಇಟ್ಟುಕೊಂಡಿದ್ದ ನಂಬಿಕೆಯನ್ನು ಹಿಂದಕ್ಕೆ ಕೊಡುವುದು ಬಹಳ ಕಷ್ಟ.