ಮೂರು ಬಾಯಿಯ ಆವಿಗೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ ಕಂದ, ಒಂದು ಕುಂಬಾರರ ಮನೇಲಿ ಮುದ್ದಮ್ಮ ಅನ್ನೋ ಅತ್ತೆ, ಅವಳಿಗೆ ಮೂವರು ಸೊಸೆಯರು ಇದ್ದರಂತೆ. ಆ ಮನೆಯ ಆವಿಗೆಗೆ, ಅದೇ ಮಡಕೆ ಸುಡೋ ಗೂಡಿಗೆ, ಮೂರು ಬಾಯಿ. ಒಬ್ಬೊಬ್ಬ ಸೊಸೆ ತನ್ನ ತವರಿನ ದೇವರ ಹೆಸರು ಹೇಳಿ ಒಂದೊಂದು ಬಾಯಿಗೆ ಕೆಂಡ ಇಡೋದು ಅಲ್ಲಿನ ಪದ್ಧತಿಯಂತೆ. ಒಂದು ಬಾಯಿ ತಣ್ಣಗೆ ಉಳಿದರೂ ಒಳಗಿನ ಹಸಿ ಮಡಕೆಯೆಲ್ಲ ಬಿರಿದುಹೋಗೋದಂತೆ.

ದೊಡ್ಡವಳು ಈರಮ್ಮ ಶಿವನ ಹೆಸರಲ್ಲಿ ಹಚ್ಚಿದಳು, ನಡುವಿನವಳು ರಂಗಮ್ಮ ನಾರಾಯಣನ ಹೆಸರಲ್ಲಿ. ಆಮೇಲೆ ಕಿರಿಯವಳು ಚಿಕ್ಕತಾಯಿಯ ಸರದಿ. ಅವಳು ಹೊಸದಾಗಿ ಮದುವೆಯಾಗಿ ಬಂದವಳು. ಹಸುಗೂಸಾಗಿದ್ದಾಗ ಹೊಳೆದಂಡೇಲಿ ಯಾರಿಗೋ ಸಿಕ್ಕಿ ಬೆಳೆದವಳು, ಹೆತ್ತವರೂ ಗೊತ್ತಿಲ್ಲ, ಮನೆದೇವರೂ ಗೊತ್ತಿಲ್ಲ. ಏನೇ, ಯಾರ ಹೆಸರು ಹೇಳ್ತೀಯೇ, ನಿನ್ನ ಮನೆದೇವರು ಹೊಳೆಯ ಕಪ್ಪೆಯೇನೇ ಅಂತ ಈರಮ್ಮ ಅಡ್ಡ ನಿಂತಳಂತೆ. ರಂಗಮ್ಮ ಕಿಸಕ್ಕನೆ ನಕ್ಕು, ಅಕ್ಕ, ನಿನ್ನ ಶಿವನನ್ನೇ ಅವಳಿಗೂ ಒಂದಿಷ್ಟು ಕೊಡು ಅಂದಳು. ಯಾಕೆ, ನಿನ್ನ ನಾರಾಯಣನಿಗೆ ಪುರುಸೊತ್ತಿಲ್ವಾ ಅಂತ ಈರಮ್ಮ. ಇಬ್ಬರೂ ಜಡೆ ಹಿಡಿಯೋ ಜಗಳಕ್ಕೆ ನಿಂತರಂತೆ.

ಅತ್ತ ಎರಡು ಬಾಯಿ ಧಗಧಗ ಉರೀತಿದೆ, ಇಡೀ ಮನೆಯವರ ಒಂದು ತಿಂಗಳ ದುಡಿಮೆ ಒಳಗಿದೆ. ಚಿಕ್ಕತಾಯಿಗೆ ಅಳು ಉಕ್ಕಿ ಬಂತು. ಆಮೇಲೆ ಮಂಡಿಯೂರಿ ಕಣ್ಣು ಮುಚ್ಚಿ, ಅಪ್ಪನೋ ಅಮ್ಮನೋ, ನೀನು ಯಾರು ಅಂತ ನನಗೆ ಗೊತ್ತಿಲ್ಲ, ಹೊಳೆದಂಡೇಲಿ ನಾಯಿನರಿ ಮುಟ್ಟದ ಹಾಗೆ ನನ್ನನ್ನು ಕಾಪಾಡಿದೆಯಲ್ಲ, ಈ ಮಡಕೆಗಳನ್ನೂ ಕಾಪಾಡು ಅಂತ ಕೆಂಡ ಇಟ್ಟಳಂತೆ.

ಮೂರನೇ ದಿನ ಆವಿಗೆ ಬಿಚ್ಚಿ ನೋಡಿದರೆ ಒಂದೂ ಬಿರಿದಿಲ್ಲ. ಎಲ್ಲವೂ ಕೆಂಪಗೆ ಬೆಂದು, ಬೆರಳಲ್ಲಿ ತಟ್ಟಿದರೆ ಠಣ್ ಅಂತಿದ್ದವಂತೆ. ನನ್ನ ಶಿವನ ದಯೆ ಅಂದಳು ಒಬ್ಬಳು, ನನ್ನ ನಾರಾಯಣನದು ಅಂದಳು ಇನ್ನೊಬ್ಬಳು. ಮುದ್ದಮ್ಮ ಮೆಲ್ಲಗೆ, ಹಾಗಾದರೆ ನಿಮ್ಮ ನಿಮ್ಮ ದೇವರು ಸುಟ್ಟ ಮಡಕೆ ಆರಿಸಿ ಬೇರೆ ಇಡ್ರಮ್ಮ ಅಂದಳಂತೆ. ಈರಮ್ಮ ಒಂದನ್ನ ಎತ್ತಿದಳು, ತಿರುಗಿಸಿ ನೋಡಿದಳು, ಇದ್ದಲ್ಲೇ ಇಟ್ಟಳು. ರಂಗಮ್ಮನೂ ಹಾಗೇ. ಎಲ್ಲಿಂದ ಗೊತ್ತಾಗಬೇಕು! ಬಾಯಿ ಮೂರು ಕಣ್ರೇ, ಒಳಗೆ ಹೋದಮೇಲೆ ಬೆಂಕಿ ಒಂದೇ, ಇವಳು ಹೆಸರಿಲ್ಲದೆ ಕರೆದದ್ದೂ ಅವನಿಗೆ ಕೇಳಿಸ್ತು ಅಂದಳಂತೆ ಅತ್ತೆ.

ಮುಂದಿನ ಸಲ ಆವಿಗೆ ಹಚ್ಚೋವಾಗ ಚಿಕ್ಕತಾಯಿ ಎಲ್ಲರಿಗಿಂತ ಹಿಂದೆ ನಿಂತಿದ್ದಳಂತೆ. ಈರಮ್ಮ ತನ್ನ ಕೆಂಡ ಕೆಳಗಿಟ್ಟು, ಬಾರೇ ತಂಗಿ, ಮೊದಲು ನೀನು ಕರಿ, ನಾವು ಆಮೇಲೆ ಕರೀತೀವಿ ಅಂದಳಂತೆ. ಅವಳು ಕರೆದಳು, ಮಡಕೆ ಬೆಂದವು, ಮನೆ ತಣ್ಣಗಿತ್ತು, ಇಲ್ಲಿಗೆ ಕತೆ ಮುಗೀತು. ನೀನು ಮಲಗು ಕಂದ, ನಮ್ಮನ್ನ ಕಾಯೋನು ಎದ್ದಿದ್ದಾನೆ.