ಬಂಡೆಯಿಂದ ಕಾಣದ ಹೊಳೆ

“ಇಲ್ಲಿ ಎಂಟು ವರ್ಷ ಕಳೆದೆ, ಗುರುಗಳೇ. ಕೈಗೆ ಬಂದದ್ದೇನು?” ಎಂದು ಶಿಷ್ಯ ಕೇಳಿದ. “ಮೊದಮೊದಲು ಧ್ಯಾನಕ್ಕೆ ಕೂತರೆ ಏನೇನೋ ಕಾಣುತ್ತಿತ್ತು. ಈಗ ಏನೂ ಕಾಣುವುದಿಲ್ಲ. ಬೇರೆ ಮಠಕ್ಕೆ ಹೋಗಲು ಅಪ್ಪಣೆ ಕೊಡಿ.”

ಗುರು ಕತೆ ಹೇಳಿದರು.

ಉತ್ತರದ ಹಿಮಬೆಟ್ಟಗಳ ನಾಡಿನಲ್ಲಿ ಒಬ್ಬ ಅರಸನಿದ್ದ. ಅವನ ಅಜ್ಜ ಒಂದು ಕಾಡಿಗೆ ಕೊಡಲಿ ಹೋಗದಂತೆ ಕಟ್ಟಳೆ ಮಾಡಿದ್ದ. ವರ್ಷಕ್ಕೊಮ್ಮೆ, ಹಿಮ ಕರಗಿದ ಮೇಲೆ, ಕಾವಲುಗಾರ ಒಂದೇ ಬಂಡೆಯ ಮೇಲೆ ನಿಂತು ಕಂಡ ಜಿಂಕೆಗಳನ್ನು ಎಣಿಸಬೇಕು. ಕಾವಲುಗಾರರು ಬದಲಾದರು, ಬಂಡೆ ಬದಲಾಗಲಿಲ್ಲ.

ಒಬ್ಬ ವರ್ತಕನಿಗೆ ಆ ಕಾಡಿನ ಮರದ ಮೇಲೆ ಕಣ್ಣು ಬಿತ್ತು. ಅರಸ ಹೇಳಿದ: “ಜಿಂಕೆ ಕಡಿಮೆಯಾಗಿದ್ದರೆ ಇಷ್ಟು ಕಾಲದ ಕಾವಲು ದಂಡ. ಕಾಡಿನ ಗುತ್ತಿಗೆ ನಿನಗೆ. ನೀನೇ ಹೋಗಿ ನೋಡಿ ಬಾ.”

ವರ್ತಕ ಕಾವಲುಗಾರನೊಡನೆ ಬಂಡೆ ಹತ್ತಿದ. ಹಿಂದೆ ಹಿಂಡು ಹಿಂಡಾಗಿ ಕಾಣುತ್ತಿದ್ದ ಕಡೆ ಬೆರಳೆಣಿಕೆಯಷ್ಟು ಜಿಂಕೆ. ಕಾವಲುಗಾರನ ಮುಖ ಬಾಡಿತು.

“ಸೆಟ್ಟರೇ, ಆ ಮೇಲಿನ ಬಂಡೆಗೆ ಹೋಗೋಣ. ಅಲ್ಲಿಂದ ಬೇಕಾದಷ್ಟು ಕಾಣುತ್ತವೆ.”

“ಭಲೇ ಜಾಣ! ಸೇರಿನಲ್ಲಿ ಕಡಿಮೆ ಬಿತ್ತೆಂದು ಪಾವಿನಲ್ಲಿ ಅಳೆದರೆ ಅಕ್ಕಿ ಹೆಚ್ಚುತ್ತದೆಯೇ? ಇಲ್ಲೇ ನಿಲ್ಲು.”

“ನಿಂತೆ. ನನಗಿಂತ ಮೊದಲಿದ್ದ ಕಾವಲುಗಾರ ಇಲ್ಲಿಂದಲೇ ನನಗೆ ಹೊಳೆ ತೋರಿಸಿದ್ದ. ಈಗ ಅದೂ ಕಾಣುವುದಿಲ್ಲ.”

ವರ್ತಕ ಗೆದ್ದಾಗಿತ್ತು. ಆದರೂ ಆ ಮಾತು ಅವನನ್ನು ಹಿಡಿದು ನಿಲ್ಲಿಸಿತು. ಹೊಳೆ ಎದ್ದು ಹೋಗುವುದಿಲ್ಲ. ಹಾಗಾದರೆ ನಡುವೆ ಬಂದದ್ದೇನು? ಯಾರೂ ನೆಡದ ಎಳೆಯ ಮರಗಳು. ಸರಕು ಮುಟ್ಟಿ ನೋಡದೆ ಬೆಲೆ ಕಟ್ಟುವವನಲ್ಲ ಅವನು. ಬಂಡೆ ಇಳಿದು ಆ ಮರಗಳೊಳಗೆ ಹೊಕ್ಕ. ನೆಲದ ತುಂಬ ಹಸಿ ಹಿಕ್ಕೆ, ಗೊರಸಿನ ಗುರುತು. ನೆರಳಿನಲ್ಲಿ ತಾಯಿಜಿಂಕೆಗಳು, ಅವುಗಳ ಬೆನ್ನಿಗೆ ಮರಿಗಳು.

ಕಂಡದ್ದನ್ನು ಕಂಡಂತೆಯೇ ಅರಸನಿಗೆ ಹೇಳಿದ. ಸುಳ್ಳು ತೂಕ ಒಂದು ಸಂತೆಗೆ ಲಾಭ, ಮುಂದಿನ ಸಂತೆಗೆ ಗಿರಾಕಿಯೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗುತ್ತಿಗೆ ತಪ್ಪಿತು. ಆದರೆ ನಿಜ ಹೇಳಿದ್ದಕ್ಕೆ ಅರಸನಿಂದ, ಗಾಳಿಗೆ ಬಿದ್ದ ಮರಗಳನ್ನು ವರ್ಷ ವರ್ಷವೂ ಒಯ್ಯುವ ಹಕ್ಕು ಸಿಕ್ಕಿತು. ಒಂದೇ ಸಲ ಕಡಿದು ಮುಗಿಸಬಹುದಾಗಿದ್ದ ಕಾಡು ಅವನ ಮೊಮ್ಮಕ್ಕಳಿಗೂ ಅನ್ನ ಕೊಟ್ಟಿತು.

ಕತೆ ಮುಗಿದರೂ ಶಿಷ್ಯನ ಕೈ ಬಟ್ಟೆಗಂಟಿನ ಮೇಲೇ ಇತ್ತು. “ಕತೆ ಚೆನ್ನಾಗಿದೆ, ಗುರುಗಳೇ. ಇನ್ನು ಅಪ್ಪಣೆಯೇ?”

“ಹೋಗು. ಬಂದ ಹೊಸತರಲ್ಲಿ ದಿನವೂ ಅಡುಗೆಯವನ ಮೇಲೆ ಕೂಗಾಡುತ್ತಿದ್ದೆಯಲ್ಲ, ಕೊನೆಯ ಸಲ ಕೂಗಾಡಿದ್ದು ಯಾವಾಗ? ಅದೊಂದು ಹೇಳಿ ಹೋಗು.”